ಮಾವಿನೊಳಗೆ ಎರಡು ಮನೆಯ ಸಾಮಾನು

ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆ ರಜೆಯಲ್ಲೂ ನನ್ನ ತುಟಿಯ ಪಕ್ಕ ಒಂದು ಕಪ್ಪು ಕಲೆ ಇರುತ್ತಿತ್ತು. ಕಾಡುಮಾವಿನ ಹಣ್ಣನ್ನು ತೊಳೆಯದೆ, ತೊಟ್ಟಿನ ಕಡೆಯಿಂದಲೇ ಕಚ್ಚಿ ಚೀಪಿದ್ದಕ್ಕೆ ಸಿಕ್ಕ ಬಹುಮಾನ ಅದು. ‘ಸೊನೆ ಹೋಗೋ ತನಕ ನೀರಲ್ಲಿ ಹಾಕಿಡು ಅಂದ್ರೆ ಕೇಳಲ್ಲ’ ಅಂತ ಬೈಯುತ್ತಲೇ ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಒಂದಷ್ಟು ದಿನ ಉರಿ, ಆಮೇಲೆ ಸಿಪ್ಪೆ ಏಳುವುದು, ಅಷ್ಟರಲ್ಲಿ ಮತ್ತೊಂದು ಹಣ್ಣು. ಇಷ್ಟು ಸಿಹಿಯಾದ ಹಣ್ಣು ಸಿಪ್ಪೆಯಲ್ಲಿ ಸುಡುವ ರಸವನ್ನು ಯಾಕೆ ಇಟ್ಟುಕೊಂಡಿದೆ ಅನ್ನೋ ಪ್ರಶ್ನೆ ಆಗ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಅದರ ಹಿಂದೆ ಹೋದರೆ, ಕೋಟ್ಯಂತರ ವರ್ಷಗಳ ಹಿಂದೆ ಮಾವಿನ ಪೂರ್ವಜರ ಒಳಗೆ ಆದ ಒಂದು ದೊಡ್ಡ ಎಡವಟ್ಟು ಎದುರಾಗುತ್ತದೆ: ಇಡೀ ಜೀನೋಮ್, ಅಂದರೆ ಕೋಶದೊಳಗಿನ ಡಿಎನ್‌ಎಯ ಪೂರ್ತಿ ಕಂತೆ, ಒಂದೇ ಏಟಿಗೆ ಎರಡು ಪಟ್ಟಾದದ್ದು.

ಮೊದಲು ಒಂದು ಲೆಕ್ಕ. ಮನುಷ್ಯರ ಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ಶಾಲೆಯಲ್ಲಿ ಓದಿದ ವರ್ಣತಂತುಗಳು, 23 ಜೋಡಿ. ಮಾವಿನಲ್ಲಿ 40, ಅಂದರೆ 20 ಜೋಡಿ. ಕಿತ್ತಳೆಯಲ್ಲಿ ಬರೀ 9 ಜೋಡಿ. ಸಸ್ಯಶಾಸ್ತ್ರದ ವಂಶವೃಕ್ಷದಲ್ಲಿ ಮಾವು, ಕಿತ್ತಳೆ ತೀರಾ ದೂರದವಲ್ಲ, ಒಂದೇ ಗಣಕ್ಕೆ ಸೇರಿದ ದಾಯಾದಿಗಳು. ಹಾಗಿದ್ದ ಮೇಲೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಈ ಅನುಮಾನ ಹೊಸದೇನಲ್ಲ. 1950ರಲ್ಲೇ ಎಸ್.ಕೆ. ಮುಖರ್ಜಿ ಎಂಬ ಭಾರತೀಯ ಸಸ್ಯವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬರೆದು, ಮಾವು ಎರಡು ಬೇರೆ ಬೇರೆ ಮೂಲದ ಜೀನೋಮುಗಳು ಕೂಡಿಕೊಂಡು ಹುಟ್ಟಿದ ಮರ ಎಂದು ವಾದಿಸಿದ್ದರು. ಆಗ ಡಿಎನ್‌ಎ ಓದುವ ಯಂತ್ರ ಇರಲಿಲ್ಲ, ಡಿಎನ್‌ಎಯ ಆಕಾರವೇ ಗೊತ್ತಿರಲಿಲ್ಲ. ಇದ್ದದ್ದು ಸೂಕ್ಷ್ಮದರ್ಶಕ ಮತ್ತು ಅದರ ಕೆಳಗೆ ಕಾಣುವ ಕ್ರೋಮೋಸೋಮುಗಳ ಎಣಿಕೆ, ಆಕಾರ, ಅವು ಒಂದರ ಪಕ್ಕ ಒಂದು ಕೂರುವ ರೀತಿ. ಅಷ್ಟರಿಂದಲೇ ಆ ಮಾತಿಗೆ ಬಂದರಲ್ಲ, ಅದನ್ನು ಮೆಚ್ಚಲೇಬೇಕು.

ಜೀನೋಮ್ ಎರಡು ಪಟ್ಟಾಗುವುದು ಹೇಗೆ? ಹೂವು ಪರಾಗವನ್ನೋ ಅಂಡಕೋಶವನ್ನೋ ಮಾಡುವಾಗ ಕ್ರೋಮೋಸೋಮುಗಳನ್ನು ಅರ್ಧಕ್ಕೆ ಇಳಿಸಬೇಕು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಸೇರಿ ಬೀಜದಲ್ಲಿ ಮತ್ತೆ ಪೂರ್ತಿಯಾಗುತ್ತದೆ. ಒಮ್ಮೊಮ್ಮೆ ಈ ಅರ್ಧ ಮಾಡುವ ಕೆಲಸ ಕೈಕೊಡುತ್ತದೆ. ಚಳಿ ಜಾಸ್ತಿಯಾದರೆ, ಬಿಸಿ ಏರಿದರೆ ಹೀಗೆ ಕೈಕೊಡುವ ಸಂಭವ ಹೆಚ್ಚು. ಅರ್ಧವಾಗದ ಪರಾಗ ಅರ್ಧವಾಗದ ಅಂಡಕೋಶಕ್ಕೆ ಸಿಕ್ಕಿಬಿಟ್ಟರೆ ಹುಟ್ಟುವ ಗಿಡದಲ್ಲಿ ಎಲ್ಲವೂ ಡಬಲ್. ಪ್ರಾಣಿಗಳಲ್ಲಿ ಇಂಥದ್ದಾದರೆ ಸಾಮಾನ್ಯವಾಗಿ ಮರಿ ಉಳಿಯುವುದಿಲ್ಲ. ಗಿಡಗಳ ಸಹನೆ ದೊಡ್ಡದು, ಅವು ಹೇಗೋ ಸುಧಾರಿಸಿಕೊಂಡು ಹೋಗುತ್ತವೆ. ಎರಡು ಬೇರೆ ಜಾತಿಯ ಗಿಡಗಳು ಕೂಡಿ ಹುಟ್ಟಿದ ಸಂಕರದ ಗಿಡಕ್ಕಂತೂ ಇದು ವರವೇ ಆಗಬಹುದು, ಯಾಕೆಂದರೆ ಅದು ಹೇಸರಗತ್ತೆಯ ಹಾಗೆ ಬಂಜೆಯಾಗಿರುತ್ತದೆ, ಕ್ರೋಮೋಸೋಮುಗಳಿಗೆ ಜೋಡಿ ಸಿಗದೆ. ಎಲ್ಲವೂ ಎರಡು ಪಟ್ಟಾದ ಕೂಡಲೇ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿ, ಮತ್ತೆ ಬೀಜ ಕಟ್ಟುವ ಶಕ್ತಿ ಬರುತ್ತದೆ.

ಇದರ ಹೊಸ ಮಾದರಿಯನ್ನು ನೋಡಬೇಕೆಂದರೆ ಬಾಳೆಮಂಡಿಗೆ ಹೋದರೆ ಸಾಕು. ಪಚ್ಚಬಾಳೆ, ನಂಜನಗೂಡು ರಸಬಾಳೆ ಎರಡರಲ್ಲೂ ಪ್ರತಿ ಕ್ರೋಮೋಸೋಮಿನ ಮೂರು ಮೂರು ಪ್ರತಿ ಇವೆ. ಮೂರನ್ನು ಸಮನಾಗಿ ಎರಡು ಪಾಲು ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬೀಜ ಕಟ್ಟುವುದಿಲ್ಲ, ನಾವು ಕಂದು ನೆಟ್ಟೇ ಬೆಳೆಸಬೇಕು. ನಮ್ಮ ಏಲಕ್ಕಿ ಬಾಳೆ ಮಾತ್ರ ಎರಡೇ ಪ್ರತಿಯದು, ಒಂದು ಒಂದು ಕಾಡುಬಾಳೆಯಿಂದ, ಇನ್ನೊಂದು ಇನ್ನೊಂದರಿಂದ. ಬಾಳೆಯದು ಮನುಷ್ಯರ ಕಾಲದ ಕತೆ, ಇನ್ನೂ ಹಸಿ. ಮಾವಿನದು ಹಾಗಲ್ಲ. ಅಲ್ಲಿ ಆದದ್ದು ಎಷ್ಟು ಹಳೆಯದೆಂದರೆ, ಇವತ್ತು ಮಾವಿನ ಮರ ಎಲ್ಲ ಸಾಮಾನ್ಯ ಮರಗಳ ಹಾಗೆ ಎರಡು ಪ್ರತಿಯ ಮರದಂತೆಯೇ ನಡೆದುಕೊಳ್ಳುತ್ತದೆ. ಗೊರಟೆ ಇದೆ, ಗೊರಟೆ ಮೊಳೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮತ್ತೆ ಗೊತ್ತಾದದ್ದು ಹೇಗೆ? 2020ರಲ್ಲಿ ಚೀನಾದ ಸಂಶೋಧಕರ ತಂಡವೊಂದು ‘ಜೀನೋಮ್ ಬಯಾಲಜಿ’ ಪತ್ರಿಕೆಯಲ್ಲಿ ಮಾವಿನ ಜೀನೋಮನ್ನು ಕ್ರೋಮೋಸೋಮ್ ಮಟ್ಟದಲ್ಲಿ ಜೋಡಿಸಿ ಪ್ರಕಟಿಸಿತು. ಅವರು ಓದಿದ ತಳಿ ಯಾವುದು ಗೊತ್ತೇ? ಅಲ್ಫಾನ್ಸೊ. ಧಾರವಾಡದವರು ಆಪೂಸು ಅನ್ನುವುದು, ಬೆಂಗಳೂರು, ರಾಮನಗರದ ಕಡೆ ಬಾದಾಮಿ ಅಂತ ಮಾರುವುದು, ಅದೇ. ಸುಮಾರು 39 ಕೋಟಿ ಅಕ್ಷರಗಳ ಪುಸ್ತಕ, ಅದರಲ್ಲಿ 34 ಸಾವಿರದಷ್ಟು ಜೀನುಗಳು. (ನಮ್ಮದು 300 ಕೋಟಿ ಅಕ್ಷರ, ಜೀನುಗಳು ಮಾತ್ರ ಸುಮಾರು 20 ಸಾವಿರ. ಜಂಬ ಪಡುವ ಹಾಗಿಲ್ಲ.) ಆ ಪುಸ್ತಕದ ಪುಟ ತಿರುವಿದಾಗ ವಿಚಿತ್ರ ಕಂಡಿತು. ಒಂದು ಕ್ರೋಮೋಸೋಮಿನಲ್ಲಿ ಒಂದು ಸಾಲಿನಲ್ಲಿ ನಿಂತಿರುವ ಜೀನುಗಳೇ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ, ಇನ್ನೊಂದು ಕ್ರೋಮೋಸೋಮಿನಲ್ಲೂ ನಿಂತಿವೆ. ನಡುನಡುವೆ ಹಲ್ಲುದುರಿದ ಬಾಚಣಿಗೆಯ ಹಾಗೆ ಖಾಲಿ ಜಾಗ, ಆದರೂ ಸಾಲು ಅದೇ. ಒಂದೆರಡು ಕಡೆ ಹೀಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಜೀನೋಮಿನ ಉದ್ದಕ್ಕೂ ಹೀಗೇ ಇದ್ದರೆ ಇಡೀ ಪುಸ್ತಕವೇ ಒಮ್ಮೆ ನಕಲಾಗಿತ್ತು ಅಂತಲೇ ಅರ್ಥ.

ಯಾವಾಗ ನಕಲಾಯಿತು ಅನ್ನುವುದನ್ನು ಲೆಕ್ಕ ಹಾಕುವ ಉಪಾಯ ನನಗೆ ತುಂಬಾ ಇಷ್ಟ. ಒಂದೇ ತಾಳೆಗರಿ ಗ್ರಂಥವನ್ನು ಇಬ್ಬರು ಲಿಪಿಕಾರರು ಪ್ರತಿ ಮಾಡಿಕೊಂಡು ಬೇರೆ ಬೇರೆ ಊರಿಗೆ ಹೋದರು ಅಂದುಕೊಳ್ಳಿ. ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು ಪ್ರತಿ ಮಾಡುತ್ತಾ ಹೋದ ಹಾಗೆ ಎರಡೂ ಕಡೆ ಬೇರೆ ಬೇರೆ ಕಾಗುಣಿತದ ತಪ್ಪುಗಳು ಸೇರಿಕೊಳ್ಳುತ್ತವೆ. ಅರ್ಥ ಕೆಡಿಸುವ ತಪ್ಪನ್ನು ಯಾರಾದರೂ ತಿದ್ದುತ್ತಾರೆ. ಅರ್ಥ ಬದಲಿಸದ ಸಣ್ಣ ತಪ್ಪುಗಳು ಹಾಗೇ ಉಳಿದು, ಕಾಲ ಕಳೆದಷ್ಟೂ ಹೆಚ್ಚುತ್ತವೆ. ಜೀನುಗಳಲ್ಲೂ ಹಾಗೆಯೇ ಪ್ರೋಟೀನನ್ನು ಬದಲಿಸದ ಮೌನ ಬದಲಾವಣೆಗಳಿವೆ. ಜೋಡಿ ಜೀನುಗಳ ನಡುವೆ ಅವು ಎಷ್ಟಿವೆ ಎಂದು ಎಣಿಸಿದರೆ ಪ್ರತಿಗಳು ಬೇರೆಯಾದ ಕಾಲ ಅಂದಾಜಿಗೆ ಸಿಗುತ್ತದೆ. ಸಾವಿರಾರು ಜೋಡಿಗಳೂ ಒಂದೇ ಕಾಲವನ್ನು ತೋರಿಸಿದರೆ, ಅದು ದ್ವಿಗುಣವಾದ ಕಾಲ. ಮಾವಿನಲ್ಲಿ ಅದು ಮೂರು ಕೋಟಿ ವರ್ಷದ ಆಸುಪಾಸಿಗೆ ಬರುತ್ತದೆ. ಅಂದಾಜು ಅಂತಲೇ ತಗೊಳ್ಳಿ, ಈ ಗಡಿಯಾರ ಎಲ್ಲ ಮರಗಳಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ.

ಇದಕ್ಕಿಂತ ಹಿಂದೆ ಇನ್ನೊಂದು ಇದೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ, ಇವತ್ತಿನ ಗುಲಾಬಿ, ಹುರುಳಿ, ಟೊಮ್ಯಾಟೊ, ಮಾವು ಎಲ್ಲಕ್ಕೂ ಪೂರ್ವಜವಾದ ಗಿಡದಲ್ಲಿ ಜೀನೋಮ್ ಮೂರು ಪಟ್ಟಾಗಿತ್ತು. 2007ರಲ್ಲಿ ದ್ರಾಕ್ಷಿಯ ಜೀನೋಮ್ ಓದಿದಾಗ ಇದು ನಿಚ್ಚಳವಾಯಿತು, ಯಾಕೆಂದರೆ ದ್ರಾಕ್ಷಿ ಆಮೇಲೆ ಮತ್ತೆ ದ್ವಿಗುಣವಾಗಲಿಲ್ಲ, ಹಳೆಯ ಗುರುತು ಅಲ್ಲಿ ಅಳಿಸದೆ ಉಳಿದಿದೆ. ಕಿತ್ತಳೆಯದೂ ಅದೇ ಕತೆ, ಹೊಸ ದ್ವಿಗುಣ ಇಲ್ಲ. ಕಿತ್ತಳೆಯ 9ನ್ನು ಡಬಲ್ ಮಾಡಿದರೆ 18, ಮಾವಿನಲ್ಲಿ 20 ಇದೆಯಲ್ಲ ಅಂತ ಕೇಳಬಹುದು. ಕ್ರೋಮೋಸೋಮುಗಳು ಮುರಿಯುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೂಡಿಸಿ ಗುಣಿಸಿ ಸರಿಹೋಗುವ ಲೆಕ್ಕ ಅಲ್ಲ ಇದು.

ಈಗ ನಿಜವಾದ ವಿಷಯಕ್ಕೆ ಬರೋಣ. ಜೀನೋಮ್ ಎರಡಾಯಿತು ಅನ್ನುವುದಕ್ಕಿಂತ, ಆಮೇಲೆ ಏನಾಯಿತು ಅನ್ನುವುದು ನನಗೆ ಮುಖ್ಯ ಅನಿಸುತ್ತದೆ. ಎರಡು ಸಂಸಾರಗಳು ಒಂದೇ ಮನೆಗೆ ಬಂದು ಸೇರಿದವು ಅಂದುಕೊಳ್ಳಿ. ಎರಡು ಮಿಕ್ಸಿ, ಎರಡು ಕುಕ್ಕರ್, ಎರಡು ಒರಳು, ಎರಡು ತುರಿಯೋ ಮಣೆ. ಮೊದಲ ವಾರ ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ಒಂದೊಂದೇ ಅಟ್ಟ ಸೇರುತ್ತದೆ, ತುಕ್ಕು ಹಿಡಿಯುತ್ತದೆ, ಗುಜರಿಯವನ ಪಾಲಾಗುತ್ತದೆ. ಜೀನುಗಳಿಗೂ ಇದೇ ಗತಿ. ಎರಡರಲ್ಲಿ ಒಂದು ಕೆಟ್ಟರೂ ಮರಕ್ಕೆ ತೊಂದರೆ ಇಲ್ಲ, ಹಾಗಾಗಿ ಕೆಟ್ಟದ್ದು ಕೆಟ್ಟ ಹಾಗೇ ಉಳಿದು, ಕೊನೆಗೆ ಕಾಣೆಯಾಗುತ್ತದೆ. ಎರಡು ಪಟ್ಟಾದ ಜೀನೋಮುಗಳಲ್ಲಿ ಬಹುಪಾಲು ಜೋಡಿಗಳು ಹೀಗೆ ಒಂಟಿಯಾಗುತ್ತವೆ.

ಕೆಲವು ಮಾತ್ರ ಜೋಡಿಯಾಗಿಯೇ ಉಳಿಯುತ್ತವೆ. ಒಂದರಲ್ಲಿ ದೋಸೆ ಹಿಟ್ಟು, ಇನ್ನೊಂದರಲ್ಲಿ ಚಟ್ನಿ ಅಂತ ಎರಡು ಮಿಕ್ಸಿಗಳು ಕೆಲಸ ಹಂಚಿಕೊಳ್ಳುವ ಹಾಗೆ ಒಂದು ಜೀನ್ ಎಲೆಯಲ್ಲಿ, ಅದರ ಜೋಡಿ ಹಣ್ಣಿನಲ್ಲಿ ದುಡಿಯಬಹುದು. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುವಾಗ ಇನ್ನೊಂದು ಪೂರ್ತಿ ಹೊಸ ಕೆಲಸ ಕಲಿಯಬಹುದು. ಜಪಾನಿ ಮೂಲದ ವಿಜ್ಞಾನಿ ಸುಸುಮು ಓಹ್ನೋ 1970ರಲ್ಲಿ ಬಲವಾಗಿ ಮಂಡಿಸಿದ ವಾದ ಇದೇ: ವಿಕಾಸಕ್ಕೆ ಹೊಸತನ್ನು ಮಾಡಲು ಬಿಡುವಿರುವ ಒಂದು ಪ್ರತಿ ಬೇಕು. ಇನ್ನು ಕೆಲವು ಜೀನುಗಳು ಒರಳು ಮತ್ತು ಗುಂಡಿನ ಹಾಗೆ ಜೊತೆಯಲ್ಲೇ ಕೆಲಸ ಮಾಡುವಂಥವು. ಎರಡನೇ ಒರಳನ್ನು ಇಟ್ಟುಕೊಂಡು ಎರಡನೇ ಗುಂಡನ್ನು ಮಾತ್ರ ಎಸೆದರೆ ಉಪಯೋಗವಿಲ್ಲ. ಅಂಥವು ಇದ್ದರೆ ಎಲ್ಲವೂ ಇರುತ್ತವೆ, ಹೋದರೆ ಎಲ್ಲವೂ ಹೋಗುತ್ತವೆ.

ಮಾವು ಏನನ್ನು ಉಳಿಸಿಕೊಂಡಿತು? ಅಲ್ಫಾನ್ಸೊ ಜೀನೋಮಿನ ಅಧ್ಯಯನದಲ್ಲಿ ಎದ್ದು ಕಂಡದ್ದು ಬಿಸಿಲಿನಿಂದ ಆಹಾರ ಮಾಡುವ ಜೀನುಗಳು, ಅದಕ್ಕೆ ಹೊಂದಿಕೊಂಡ ಫೋಟೋರೆಸ್ಪಿರೇಷನ್ ಎಂಬ ರಿಪೇರಿ ಕೆಲಸದ ಜೀನುಗಳು, ಮತ್ತು ಕೊಬ್ಬಿನಂಥ ವಸ್ತುಗಳನ್ನು ನಿಭಾಯಿಸುವ ಜೀನುಗಳು. ಈ ರಿಪೇರಿ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲೆಯೊಳಗೆ ರುಬಿಸ್ಕೋ ಎಂಬ ಕಿಣ್ವವಿದೆ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಅದರ ಕೆಲಸ. ಆದರೆ ಅದರ ದೃಷ್ಟಿ ಅಷ್ಟು ಚುರುಕಲ್ಲ. ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ತಪ್ಪಿ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಆಗ ಬೇಡದ ಒಂದು ವಸ್ತು ಹುಟ್ಟುತ್ತದೆ. ಅದನ್ನು ಮತ್ತೆ ಬಳಸುವ ಹಾಗೆ ಮಾಡಲು ಗಿಡ ತನ್ನ ಶಕ್ತಿ ಖರ್ಚು ಮಾಡಬೇಕು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಭೂಮಿ ತಣ್ಣಗಾಗಿ, ಅಂಟಾರ್ಕ್ಟಿಕಾದ ಮೇಲೆ ದೊಡ್ಡ ಹಿಮದ ಹಾಸು ಕೂತಿತು. ಅಂಥ ಹೊತ್ತಿನಲ್ಲಿ ರಿಪೇರಿ ಸಾಮಾನು ಎರಡೆರಡು ಇದ್ದವರು ಬಚಾವಾಗಿರಬಹುದು, ಚಳಿಗೆ ಕೋಶದ ಪೊರೆಯನ್ನು ಕಾಪಾಡಲು ಕೊಬ್ಬಿನ ಜೀನುಗಳೂ ಒದಗಿರಬಹುದು ಎಂಬುದು ಆ ಸಂಶೋಧಕರ ಸೂಚನೆ.

‘ಬಹುದು’ ಅನ್ನುವ ಮಾತನ್ನು ಅವರೂ ಬಿಟ್ಟಿಲ್ಲ, ನಾವೂ ಬಿಡಬಾರದು. ಇಂಥ ಸುದ್ದಿಗಳನ್ನು ಓದುವಾಗ ನನಗೆ ಕಿರಿಕಿರಿ ಆಗುವುದು ಇಲ್ಲೇ. ‘ಚಳಿಯಿಂದ ಪಾರಾಗಲು ಮಾವು ತನ್ನ ಜೀನೋಮನ್ನು ಎರಡು ಪಟ್ಟು ಮಾಡಿಕೊಂಡಿತು’ ಅಂತ ತಲೆಬರಹ ಬಂದರೆ ಅದು ತಿರುಗುಮುರುಗು. ಮರ ಏನನ್ನೂ ಮಾಡಿಕೊಳ್ಳಲಿಲ್ಲ. ಎಡವಟ್ಟು ಆಯಿತು, ಅದರ ಸಂತತಿಯಲ್ಲಿ ಕೆಲವು ಉಳಿದವು, ಉಳಿದವುಗಳ ಮನೆಯಲ್ಲಿ ಯಾವ ಸಾಮಾನು ಇದೆ ಎಂದು ನಾವು ಈಗ ಇಣುಕಿ ನೋಡುತ್ತಿದ್ದೇವೆ. ಸಾಮಾನು ಇದೆ ಅನ್ನುವುದು ಸಾಕ್ಷಿ. ಅದಕ್ಕಾಗಿಯೇ ಬದುಕಿತು ಅನ್ನುವುದು ಊಹೆ, ಒಳ್ಳೆಯ ಊಹೆಯೇ ಇರಬಹುದು.

ಇದೇ ಜಗಳ ದೊಡ್ಡ ಮಟ್ಟದಲ್ಲೂ ಇದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಈವ್ ವಾನ್ ಡೆ ಪೀರ್ ಮತ್ತು ಜೊತೆಗಾರರು 2009ರಲ್ಲಿ ಒಂದು ಕುತೂಹಲದ ವಿಷಯ ಹೇಳಿದರು: ಬೇರೆ ಬೇರೆ ಗಿಡಗಳ ಜೀನೋಮ್ ದ್ವಿಗುಣಗಳಲ್ಲಿ ಹಲವು, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳು ಅಳಿದ ಕಾಲದ ಸುತ್ತಮುತ್ತ ಗುಂಪುಗೂಡಿವೆ. ಅಂದರೆ ಪ್ರಳಯದಂಥ ಕಾಲದಲ್ಲಿ ಎರಡು ಪಟ್ಟಾದವು ಹೆಚ್ಚು ಉಳಿದವೇನೋ. ಎರಡೇ ವರ್ಷಕ್ಕೆ, 2011ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ತಂಡ ಲೆಕ್ಕ ಹಾಕಿ, ಹೊಸದಾಗಿ ಎರಡು ಪಟ್ಟಾದ ಗಿಡಜಾತಿಗಳು ಕವಲೊಡೆಯುವುದು ಕಡಿಮೆ, ಅಳಿಯುವುದು ಜಾಸ್ತಿ ಎಂದು ತೋರಿಸಿತು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ನೂರು ಲಾಟರಿ ಚೀಟಿಯಲ್ಲಿ ತೊಂಬತ್ತೊಂಬತ್ತು ಕಸದ ಬುಟ್ಟಿಗೆ ಹೋಗುತ್ತವೆ, ನಮ್ಮ ಕಣ್ಣಿಗೆ ಬೀಳುವುದು ಗೆದ್ದವನ ಫೋಟೋ ಮಾತ್ರ.

ಸೇಬಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಚೆನ್ನಾಗಿದೆ. ಸೇಬಿನಲ್ಲಿ 17 ಜೋಡಿ ಕ್ರೋಮೋಸೋಮ್. ಅದರ ಬಂಧುಗಳಲ್ಲಿ ಕೆಲವಕ್ಕೆ 8, ಕೆಲವಕ್ಕೆ 9. ಎಂಟೂ ಒಂಬತ್ತೂ ಹದಿನೇಳು, ಹಾಗಾಗಿ ಎರಡು ಬಗೆಯ ಗಿಡ ಕೂಡಿ ಸೇಬಾಯಿತು ಎಂದು ಬಹಳ ಕಾಲ ನಂಬಿದ್ದರು. ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ. 2010ರಲ್ಲಿ ಇಟಲಿಯ ಸಂಶೋಧಕರು ಮುಂದಾಗಿ ಗೋಲ್ಡನ್ ಡೆಲಿಶಸ್ ಸೇಬಿನ ಜೀನೋಮ್ ಓದಿದಾಗ ಆ ಲೆಕ್ಕ ಬಿದ್ದುಹೋಯಿತು. 9 ಇದ್ದದ್ದು ಎರಡು ಪಟ್ಟಾಗಿ 18 ಆಗಿ, ಆಮೇಲೆ ಜೋಡಣೆ ಬದಲಾಗಿ ಒಂದು ಕಳೆದು 17 ಆಗಿತ್ತು. ಪೀಚ್ ಹಣ್ಣು ಅದೇ ಕುಟುಂಬದ್ದು, ಅದು ದ್ವಿಗುಣವಾಗಲೇ ಇಲ್ಲ, 8ರಲ್ಲೇ ಇದೆ. ಅದಕ್ಕೇನು ಕಡಿಮೆಯಾಗಿದೆ? ಹಣ್ಣು ಚೆನ್ನಾಗಿಯೇ ಇದೆ. ಎರಡು ಪಟ್ಟಾದರೆ ಮೇಲು ಅನ್ನುವವರಿಗೆ ನಾನು ಪೀಚ್ ತೋರಿಸುತ್ತೇನೆ.

ಸರಿ, ಸೊನೆಗೆ ಬರೋಣ. ಮಾವಿನ ಕುಟುಂಬದಲ್ಲಿ ಗೇರು ಇದೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಇದೆ, ಪಿಸ್ತಾ ಇದೆ, ಅಮೆರಿಕದವರು ಹೆದರುವ ಪಾಯ್ಸನ್ ಐವಿ ಬಳ್ಳಿ ಇದೆ. ಜಪಾನಿನಲ್ಲಿ ಮರದ ಸಾಮಾನಿಗೆ ಹೊಳಪು ಬಳಿಯುವ ಅರಗಿನ ಮರವೂ ಈ ಮನೆಯದೇ, ಅದರ ಹೆಸರು ಉರುಷಿ. ಚರ್ಮ ಸುಡುವ ಉರುಷಿಯಾಲ್ ಎಂಬ ವಸ್ತುವಿಗೆ ಹೆಸರು ಬಂದದ್ದು ಅಲ್ಲಿಂದ. ಗೇರುಬೀಜ ಸುಡುವಾಗ ಸಿಡಿದ ಎಣ್ಣೆಯಿಂದ ಕೈ ಸುಟ್ಟುಕೊಂಡ ಕರಾವಳಿಯವರಿಗೆ ಈ ಕುಟುಂಬದ ಸ್ವಭಾವವನ್ನು ವಿವರಿಸಿ ಹೇಳಬೇಕಿಲ್ಲ.

ಮಾವಿನ ಜೀನೋಮಿನಲ್ಲಿ ಚಾಲ್ಕೋನ್ ಸಿಂಥೇಸ್ ಎಂಬ ಜೀನಿನ ಮನೆತನ ಎದ್ದು ಕಾಣುವಷ್ಟು ಬೆಳೆದಿದೆ. ಮಾಮೂಲಿ ಗಿಡಗಳಲ್ಲಿ ಈ ಜೀನಿನ ಕೆಲಸ ಹೂವಿನ, ಹಣ್ಣಿನ ಬಣ್ಣದ ವಸ್ತುಗಳಿಗೆ ಮೊದಲ ಮೆಟ್ಟಿಲು ಹಾಕುವುದು. ಇದರ ನಕಲುಗಳು ದಾರಿ ಬಿಟ್ಟು ಬೇರೆ ಕಸುಬು ಹಿಡಿಯುವುದು ಹೊಸತಲ್ಲ, ದ್ರಾಕ್ಷಿಯಲ್ಲಿ ರೆಸ್ವೆರಾಟ್ರಾಲ್ ಎಂಬ ರಕ್ಷಣೆಯ ವಸ್ತು ಮಾಡುವ ಜೀನು ಹುಟ್ಟಿದ್ದೂ ಹೀಗೇ. ಮಾವಿನಲ್ಲಿ ಈ ಮನೆತನದ ಕೆಲವು ಜೀನುಗಳು ತಿರುಳಿಗಿಂತ ಸಿಪ್ಪೆಯಲ್ಲಿ ಬಹಳ ಜೋರಾಗಿ ಕೆಲಸ ಮಾಡುತ್ತವೆ, ಸುಡುವ ವಸ್ತುಗಳ ತಯಾರಿ ಇವುಗಳ ಕೈಯಲ್ಲೇ ಇದ್ದೀತು ಎಂಬುದು ತರ್ಕ. ನನ್ನ ತುಟಿಯ ಕಲೆಗೆ ವಿಳಾಸ ಸಿಕ್ಕ ಹಾಗಾಯಿತು. ಹಾಗಂತ ಈ ಎಲ್ಲ ನಕಲುಗಳೂ ಆ ಒಂದು ಮಹಾ ದ್ವಿಗುಣದಿಂದಲೇ ಬಂದವು ಅನ್ನುವುದು ಅವಸರ. ಜೀನುಗಳು ಒಂಟಿಯಾಗಿಯೂ ನಕಲಾಗಿ ಪಕ್ಕದಲ್ಲೇ ಸಾಲಾಗಿ ಕೂರುತ್ತವೆ. ಮನೆಗೆ ಎರಡನೇ ಮಿಕ್ಸಿ ಸಂಸಾರ ಸೇರಿದಾಗಲೇ ಬರಬೇಕೆಂದಿಲ್ಲ, ಹಬ್ಬದ ಡಿಸ್ಕೌಂಟಿನಲ್ಲೂ ಬಂದಿರಬಹುದು.

ಸಿಪ್ಪೆಯಲ್ಲಿ ಅದು ಯಾಕಿರಬೇಕು? ಎಳೆಗಾಯಿಯ ಸಿಪ್ಪೆಯಲ್ಲಿ ರೆಸಾರ್ಸಿನಾಲ್ ಗುಂಪಿನ ಈ ವಸ್ತುಗಳು ಜಾಸ್ತಿ, ಅವು ಬೂಸ್ಟನ್ನು ತಡೆಯುತ್ತವೆ. ಕಾಯಿ ಹಣ್ಣಾದ ಹಾಗೆ ಕಡಿಮೆಯಾಗುತ್ತವೆ, ಅಷ್ಟು ದಿನ ಸಿಪ್ಪೆಯಲ್ಲಿ ಸುಮ್ನೆ ಕೂತಿದ್ದ ಬೂಸ್ಟು ಆಗ ಏಳುತ್ತದೆ. ಬುಟ್ಟಿಯಲ್ಲಿಟ್ಟ ಹಣ್ಣಿನ ಮೇಲೆ ನಾಲ್ಕೇ ದಿನಕ್ಕೆ ಕಪ್ಪು ಚುಕ್ಕೆ ಬರುವುದರ ಹಿಂದೆ ಇದೂ ಒಂದು ಕಾರಣ.

ಇದರಿಂದ ಬೆಳೆಗಾರರಿಗೇನು ಅಂತ ಕೇಳಿದರೆ, ನಾಳೆಯೇ ಏನೂ ಇಲ್ಲ. ಮಾವಿನ ಹೊಸ ತಳಿ ಮಾಡುವುದು ತಾಳ್ಮೆಯ ಕೆಲಸ, ಗೊರಟೆ ಹಾಕಿದರೆ ಹೂ ನೋಡಲು ವರ್ಷಗಟ್ಟಲೆ ಕಾಯಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಾದಾಮಿಗೂ ಬಂಗನಪಲ್ಲಿಗೂ ಕೂಡಿಸಿ ಅರ್ಕಾ ಪುನೀತ್ ತಂದರು. ಬಾದಾಮಿಯ ದೊಡ್ಡ ತಲೆನೋವು, ಹೊರಗೆ ಚೆಂದ ಕಂಡು ಒಳಗೆ ತಿರುಳು ಸ್ಪಂಜಿನ ಹಾಗೆ ಕೆಡುವುದು, ಅದರಲ್ಲಿಲ್ಲ. ಜೀನೋಮ್ ಕೈಯಲ್ಲಿದ್ದರೆ ಇಂಥ ಗುಣವನ್ನು ಸಸಿಯಲ್ಲೇ ಗುರುತಿಸುವ ಆಸೆ ಇಟ್ಟುಕೊಳ್ಳಬಹುದು. ದೆಹಲಿಯ ವಿಜ್ಞಾನಿಗಳು ಆಮ್ರಪಾಲಿ ತಳಿಯ ಜೀನೋಮನ್ನು ಓದಲು ಹೊರಟದ್ದೂ ಈ ಆಸೆಯಿಂದಲೇ. ಆದರೆ ಹಳೆಯ ದ್ವಿಗುಣ ಇಲ್ಲೂ ಅಡ್ಡ ಬರುತ್ತದೆ. ಒಂದು ಗುಣಕ್ಕೆ ಕಾರಣವಾದ ಜೀನು ಸಿಕ್ಕಿತು ಅಂದುಕೊಂಡರೆ ಅದರ ಜೋಡಿ ಇನ್ನೊಂದು ಕ್ರೋಮೋಸೋಮಿನಲ್ಲಿ ಕೂತಿರುತ್ತದೆ, ಒಂದನ್ನು ಆರಿಸಿದರೆ ಇನ್ನೊಂದು ಅದರ ಕೆಲಸ ಮುಂದುವರಿಸುತ್ತದೆ. ಯಾವ ಪ್ರತಿ ಎಲ್ಲಿ ದುಡಿಯುತ್ತಿದೆ, ಯಾವುದು ಅಟ್ಟದಲ್ಲಿ ತುಕ್ಕು ಹಿಡಿದಿದೆ ಎಂದು ಒಂದೊಂದಾಗಿ ನೋಡಬೇಕು.

ಸೊನೆಯನ್ನೇ ತಗೊಳ್ಳಿ. ರಫ್ತು ಮಾಡುವವರಿಗೆ ಅದು ಶತ್ರು, ಕೊಯ್ಯುವಾಗ ತೊಟ್ಟಿನಿಂದ ಚಿಮ್ಮಿ ಸಿಪ್ಪೆ ಮೇಲೆ ಕಪ್ಪು ಗೀರು ಬಿದ್ದರೆ ಹಣ್ಣಿನ ಬೆಲೆ ಬೀಳುತ್ತದೆ. ಸೊನೆ ಕಡಿಮೆ ಇರುವ ಮಾವು ಮಾಡಿ ಅಂತ ಅವರು ಕೇಳಿಯಾರು. ಸಾಗರ, ಸಿರ್ಸಿಯ ಕಡೆ ಹೋಗಿ ಈ ಮಾತು ಆಡಿ ನೋಡಿ. ಅಪ್ಪೆಮಿಡಿಯ ಜೀವವೇ ಸೊನೆ. ತೊಟ್ಟು ಮುರಿದು ಸೊನೆ ಸೋರಿಹೋದ ಮಿಡಿಯನ್ನು ಉಪ್ಪಿನಕಾಯಿಗೆ ಹಾಕಲು ಮನಸ್ಸೇ ಬರುವುದಿಲ್ಲ ಅವರಿಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು ಸೊನೆಯನ್ನು ಬಿಡಿಸಿ ನೋಡಿದ್ದಾರೆ: ನೀರಿನ ಪದರ ಬೇರೆ, ಎಣ್ಣೆಯ ಪದರ ಬೇರೆ, ಪರಿಮಳದ ಟರ್ಪೀನುಗಳು ಎಣ್ಣೆಯಲ್ಲಿವೆ. ಉರಿಸುವ ವಸ್ತುವೂ ಪರಿಮಳದ ವಸ್ತುವೂ ಬೇರೆ ಬೇರೆ, ಅವನ್ನು ಮಾಡುವ ಜೀನುಗಳೂ ಬೇರೆ. ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸಲು ಲೆಕ್ಕದಲ್ಲಿ ಅಡ್ಡಿಯಿಲ್ಲ. ಆದರೆ ಉರಿಸುವುದನ್ನು ಇಳಿಸಿದ ಹಣ್ಣಿಗೆ ಬೂಸ್ಟು ಎಷ್ಟು ಬೇಗ ಹತ್ತುತ್ತದೆ ಎಂದು ನೋಡಲು, ಮೊದಲು ಅಂಥ ಮರವೊಂದು ಬೆಳೆದು ಕಾಯಿ ಬಿಡಬೇಕು.